ಇನ್ನೊಂದು ಅರ್ಥವುಂಟೋ?

ಕಾಳಜಿ ಕೇಂದ್ರ, ಸರ್ಕಾರಿ ಶಾಲೆ, ಮಠದಕೇರಿ
ತಿ. ನರಸೀಪುರ ತಾಲ್ಲೂಕು
ಭಾನುವಾರ, 28 ಜುಲೈ 2024, ಬೆಳಿಗ್ಗೆ ಒಂಬತ್ತು ಗಂಟೆ

ಚಿರಂಜೀವಿ ಶೀನನಿಗೆ ಅಕ್ಕನ ಆಶೀರ್ವಾದ.

ನಿನ್ನ ಗಂಟಲು ಹೇಗಿದೆ? ಹೊರಡುವಾಗ ಕೆಮ್ಮುತ್ತಿದ್ದೆ. ಗುರುಗಳ ಬಿಡಾರದಲ್ಲಿ ದಿನಕ್ಕೆ ಎರಡು ಹೊತ್ತು ನಿನ್ನ ಪ್ರವಚನ ಎಂದು ಕೇಳಿದೆ. ಜ್ಯೇಷ್ಠಮಧುವಿನ ಕಡ್ಡಿ ಬಾಯಲ್ಲಿ ಇಟ್ಟುಕೋ, ತಣ್ಣೀರು ಕುಡಿಯಬೇಡ. ನಾನು ಚೆನ್ನಾಗಿದ್ದೇನೆ, ಮಂಡಿನೋವು ಹಾಗೇ ಇದೆ. ನಿನ್ನೆಯಿಂದ ನಿನ್ನ ಫೋನಿಗೆ ಎಷ್ಟು ಸಲ ಮಾಡಿದೆನೋ, ಸ್ವಿಚ್ ಆಫ್. ಬಿಡಾರದ ಆಫೀಸಿನವರು ಗುರುಗಳ ಚಾತುರ್ಮಾಸ್ಯ ಮುಗಿಯುವವರೆಗೆ ಪಂಡಿತರು ಫೋನ್ ಮುಟ್ಟುವುದಿಲ್ಲ, ಏನಿದ್ದರೂ ಬರೆದು ಕಳಿಸಿ ಎಂದರು. ತುರ್ತು ಅಂದೆ. ಎಲ್ಲರೂ ಹಾಗೇ ಅನ್ನುತ್ತಾರೆ ಅಮ್ಮಾ ಅಂದರು. ಹಾಗಾಗಿ ಶಾಲೆಯ ನೋಟ್‌ಬುಕ್ಕಿನ ಹಾಳೆ ಹರಿದು ಬರೆಯುತ್ತಿದ್ದೇನೆ. ಬಾಡಿಗೆ ಗಾಡಿ ಓಡಿಸುವ ಜಗನ್ ಇವತ್ತು ನಿಮ್ಮ ಬಿಡಾರಕ್ಕೆ ಬಾಳೆಲೆ ಹೊರೆ ಒಯ್ಯುತ್ತಾನಂತೆ. ಹಾಸನದಾಚೆಗೆ ನಾಲ್ಕು ಗಂಟೆಯ ದಾರಿ. ಕಾಗದ ನಿನ್ನ ಕೈಗೇ ಕೊಡಬೇಕೆಂದು ಅವನಿಂದ ಮಾತು ತೆಗೆದುಕೊಂಡಿದ್ದೇನೆ.

ಹೊಳೆ ಏರುತ್ತಿದೆ. ಕಬಿನಿಯಿಂದ ಬಿಡುವ ನೀರು ದಿನದಿನಕ್ಕೆ ಹೆಚ್ಚುತ್ತಿದೆ, ನಂಜನಗೂಡಿನಲ್ಲಿ ಸ್ನಾನಘಟ್ಟ ಮುಳುಗಿ ಮೂರು ದಿನವಾಯಿತು. ಹೊಳೆದಂಡೆಯ ನಮ್ಮ ಮಂಟಪದ ಎಂಟು ಮೆಟ್ಟಿಲುಗಳಲ್ಲಿ ಬೆಳಿಗ್ಗೆ ಆರು ಗಂಟೆಗೆ ಮೂರು ಮುಳುಗಿದ್ದವು, ಈಗ ನಾಲ್ಕು. ಕೇರಿಯವರೆಲ್ಲ ಶಾಲೆಗೆ ಬಂದಿದ್ದಾರೆ. ಎಂಟು ಜನ ಬಂದಿಲ್ಲ. ಅವರು ಎಂಟನೆಯ ಮೆಟ್ಟಿಲಿನ ಮೇಲೆ, ಮಂಟಪದ ಅಂಚಿನಲ್ಲಿ, ಕಾಲು ಕೆಳಗೆ ಬಿಟ್ಟುಕೊಂಡು ಸಾಲಾಗಿ ಕೂತಿದ್ದಾರೆ. ನಡುವೆ ಕೂತಿರುವವಳು ನಮ್ಮ ಅಮ್ಮ.

ಯಾಕೆ ಕೂತಿದ್ದಾರೆ ಎಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನನಗೆ ನೆನಪಿರುವಷ್ಟು ನಿನಗೆ ನೆನಪಿಲ್ಲ. ನಮ್ಮ ಮಠದ ಹೊಳೆಪುರಾಣ, ಕೆಂಪು ಬಟ್ಟೆಯಲ್ಲಿ ಸುತ್ತಿದ ಆ ಓಲೆಯ ಕಟ್ಟು, ಆಷಾಢದ ಸಂಜೆಗಳಲ್ಲಿ ಮಂಟಪದಲ್ಲಿ ಬಿಚ್ಚುತ್ತಿದ್ದುದು. ಅದರಲ್ಲಿ ಆ ಮೂರು ಸಾಲು: ಎಂಟು ಮೆಟ್ಟಿಲೇರಿ ಬರುವಳು ತಾಯಿ, ಕೂತವರ ಪಾದ ಮುಟ್ಟಿ ತಿರುಗುವಳು, ಎದ್ದು ಓಡಿದವರ ಬೆನ್ನು ಹತ್ತುವಳು. ತಾತ ಅರ್ಥ ಹೇಳುತ್ತಿದ್ದರು, ಹತ್ತು ವರ್ಷದವಳಾದ ನಾನು ಮಣೆಯ ಮೇಲೆ ಕೂತು ಓದುತ್ತಿದ್ದೆ. ತಾತನ ಪ್ರಕಾರ ಎಂಟು ಮೆಟ್ಟಿಲೆಂದರೆ ಎಂಬತ್ತು ವರ್ಷ, ತಾಯಿಯೆಂದರೆ ಸಾವು, ಕೂತವರೆಂದರೆ ಮನಸ್ಸು ನೆಲೆನಿಂತವರು. ತಾವೇ ಎಂಬತ್ತೊಂದು ದಾಟಿದಾಗ, ನನ್ನ ಪಾದ ಒದ್ದೆಯಾಗಿ ವರ್ಷವಾಯಿತು ನೋಡಮ್ಮ ಎಂದು ನಗುತ್ತಿದ್ದರು. ಆದರೆ ಅಲ್ಲಿಗೆ ಓದು ಮುಗಿಯುತ್ತಿರಲಿಲ್ಲ. ಓದಿದವರು ಕಟ್ಟು ಮುಚ್ಚುವ ಮೊದಲು ಮೂರು ಸಲ ಕೇಳಬೇಕು: ಇನ್ನೊಂದು ಅರ್ಥವುಂಟೋ? ನಮ್ಮ ಮನೆಯವರಲ್ಲದ ಯಾರಾದರೂ ಇನ್ನೊಂದು ಅರ್ಥ ಹೇಳಬೇಕು. ಹೇಳುವವರೆಗೆ ಓದಿದವರು ಮಣೆ ಬಿಟ್ಟು ಏಳುವಂತಿಲ್ಲ. ಈ ನಿಯಮ ತಾತನದಲ್ಲ, ಅವರ ಅಜ್ಜನ ಕಾಲದ್ದು.

ಎಂತೆಂಥ ಅರ್ಥಗಳು ಬರುತ್ತಿದ್ದವು! ಕೇರಿಯ ರುದ್ರಮ್ಮ ಕಂಬದ ಹತ್ತಿರದಿಂದಲೇ, "ಕೂತವ್ರು ಅಂದ್ರೆ ಒಲೆ ಮುಂದೆ ಕೂತಿರೋ ಎಂಗಸ್ರು ಕಣವ್ವ. ನೀರು ಬಂದಾಗ ಎಂಡ್ರು ಮಕ್ಕಳ ಬುಟ್ಬುಟ್ಟು ಓಡೋರು ಗಂಡಸ್ರು. ಅವ್ರ ಬೆನ್ನತ್ತವ್ಳೆ ತಾಯಿ, ಸರಿಯಾಗೇ ಬರ್ದವ್ರೆ" ಎಂದಿದ್ದಳು. ಸಂತೆಗೆ ಬದನೆಕಾಯಿ ಒಯ್ಯುವ ರಾಮಯ್ಯ ಒಂದು ಸಲ, ಕೂತವರೆಂದರೆ ಮೆಟ್ಟಿಲ ಕಲ್ಲು, ಕಲ್ಲು ಕಿತ್ತುಕೊಂಡು ಹೋದವರ ಕೊಟ್ಟಿಗೆಗೆ ಹೊಳೆ ನುಗ್ಗುತ್ತದೆ ಎಂದಾಗ ಎಲ್ಲರೂ ಗುರುಮಲ್ಲಪ್ಪನ ಕಡೆ ತಿರುಗಿ ನೋಡಿದರು. ಮಾರನೆಯ ದಿನ ಎರಡು ಚಪ್ಪಡಿ ವಾಪಸು ಬಂದವು. ಇನ್ನೊಂದು ಸಂಜೆ ಯಾರಿಗೂ ಏನೂ ಹೊಳೆಯಲಿಲ್ಲ. ದೀಪ ಹಚ್ಚುವ ಹೊತ್ತಾಯಿತು, ನನಗೆ ಅರ್ಜೆಂಟಾಗಿ ಹಿತ್ತಲಿಗೆ ಹೋಗಬೇಕಿತ್ತು, ಕಣ್ಣಲ್ಲಿ ನೀರು. ರಾಮಯ್ಯನಿಗೆ ಆಗ ಇಪ್ಪತ್ತೈದಿದ್ದೀತು. ನನ್ನ ಮುಖ ನೋಡಿ ಕರುಣೆ ಬಂದು, "ಎಮ್ಮೆ ಒಳೆಗಿಳಿದು ಕೂತ್ರೆ ಎದ್ದೇಳಕಿಲ್ಲ, ಅದ್ನ ಕಂಡು ಬರ್ದವ್ರೆ ಅಷ್ಟೇಯ. ಎದ್ದೇಳು ಮೈತ್ರಮ್ಮ, ಮನೆಗೋಗವ" ಎಂದ. ತಾತ ನಗುತ್ತಲೇ, ಸಂದಿತು, ಕಟ್ಟು ಮುಚ್ಚು ಎಂದರು. ಎಮ್ಮೆಯ ಅರ್ಥವೂ ಅವರಿಗೆ ಅರ್ಥವೇ ಆಗಿತ್ತು.

ಎಂಟು ವರ್ಷದ ಹಿಂದೆ ಮಂಟಪಕ್ಕೆ ಮೈಕ್ ಬಂತು, ಅರ್ಥ ಹೇಳಲು ನೀನು ಬಂದೆ. ನಿನ್ನ ವಿದ್ಯೆಯ ಬಗ್ಗೆ ನನಗೆ ಹೆಮ್ಮೆ ಇಲ್ಲವೆಂದಲ್ಲ, ನಿನ್ನ ಮಾತು ಕೇಳಲು ನಂಜನಗೂಡು, ಹುಲ್ಲಹಳ್ಳಿಗಳಿಂದೆಲ್ಲ ಜನ ಬಸ್ಸು ಹಿಡಿದು ಬಂದರು. ಮೊದಲ ಸಂಜೆಯೇ ಈ ಸಾಲುಗಳು ಬಂದವು. ಕೂತವರೆಂದರೆ ಕೂತವರೇ, ಹೊಳೆಯೆಂದರೆ ಹೊಳೆಯೇ, ನಂಬಿ ಕೂತವನನ್ನು ತಾಯಿ ಮುಳುಗಿಸುವುದಿಲ್ಲ, ಸಂಶಯದಿಂದ ಎದ್ದವನು ಉಳಿಯುವುದಿಲ್ಲ ಎಂದೆ. ರಾಮಯ್ಯ ಅಭ್ಯಾಸಬಲದಿಂದ ಬಾಯಿ ತೆರೆದ. ನೀನು ಮೈಕಿನಲ್ಲೇ ಹೇಳಿದೆ: "ಗ್ರಂಥಕ್ಕೆ ಅರ್ಥ ಒಂದೇ ರಾಮಯ್ಯ. ಸಂತೆಯಲ್ಲಿ ಬದನೆಕಾಯಿ ಚೌಕಾಶಿ ಮಾಡಿದ ಹಾಗಲ್ಲ." ಮುನ್ನೂರು ಜನ ನಕ್ಕರು. ಅವನು ಟವೆಲ್ಲಿನಿಂದ ಬಾಯಿ ಒರೆಸಿಕೊಂಡು ಕೂತ. ಅವತ್ತು ಮಣೆಯ ಮೇಲಿದ್ದವಳು ನಾನು. ಮೂರು ಸಲ ಕೇಳಬೇಕಾಗಿತ್ತು. ನೀನು ಮಂಗಳ ಹಾಡಿಬಿಟ್ಟೆ, ನಾನು ಕಟ್ಟು ಮುಚ್ಚಿ ಎದ್ದುಬಿಟ್ಟೆ. ತಮ್ಮನ ಮೊದಲ ಸಭೆ, ಅವಮಾನವಾಗಬಾರದು ಎಂದುಕೊಂಡೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಪ್ರಶ್ನೆ ಕೇಳಿ ಎಂದು ಮಕ್ಕಳಿಗೆ ಹೇಳಿಕೊಟ್ಟವಳು, ಕೇಳಬೇಕಾದ ಒಂದು ಪ್ರಶ್ನೆ ಕೇಳಲಿಲ್ಲ.

ಆಮೇಲೆ 2019ರ ಪ್ರವಾಹ. ಹೊಳೆ ಆರನೆಯ ಮೆಟ್ಟಿಲಿಗೆ ಬಂದು ಇಳಿಯಿತು. ಆವತ್ತು ಮಂಟಪದಲ್ಲಿ ಇಬ್ಬರು ಕೂತಿದ್ದರಂತೆ, ಅದಕ್ಕೇ ಇಳಿಯಿತಂತೆ. ನೀನು ಆಮೇಲೆ ಮಾಡಿ ಹಂಚಿದ ವಿಡಿಯೋದಲ್ಲಿ, ಇದೇ ಪ್ರತ್ಯಕ್ಷ ಪ್ರಮಾಣ ಎಂದೆ. ಮುಂದಿನ ವರ್ಷ ಮಂಟಪದ ಜೀರ್ಣೋದ್ಧಾರ ಮಾಡಿಸಿ ಕಂಬಗಳಿಗೆ ಬಣ್ಣ ಹೊಡೆಸಿದೆ. ಎಡಗಡೆಯ ಕಂಬದಲ್ಲಿ ನನ್ನ ಎದೆಯ ಎತ್ತರಕ್ಕೆ ಒಂದು ಕೆಸರಿನ ಗೆರೆ ಇತ್ತು, ನಿನಗೆ ನೆನಪಿರಲಾರದು. ನಾನು ಎಂಟನೇ ಕ್ಲಾಸು, ನಿನಗೆ ನಾಲ್ಕು ವರ್ಷ, ಆ ವರ್ಷ ಹೊಳೆ ಎಂಟನೆಯ ಮೆಟ್ಟಿಲು ದಾಟಿ ಒಳಗೆ ಬಂತು. ಐದನೆಯ ಮೆಟ್ಟಿಲು ಮುಳುಗಿದಾಗಲೇ ತಾತ ಕಟ್ಟನ್ನು ತಲೆಯ ಮೇಲಿಟ್ಟುಕೊಂಡು ಎಲ್ಲರಿಗಿಂತ ಮೊದಲು ಎದ್ದರು. ಅಮ್ಮ ನಿನ್ನನ್ನು ಸೊಂಟಕ್ಕೇರಿಸಿಕೊಂಡು ಹಿಂದೆಯೇ ಓಡಿದಳು. ಹೊಳೆ ಯಾರ ಬೆನ್ನನ್ನೂ ಹತ್ತಲಿಲ್ಲ. ಆ ಗೆರೆ ಮಾಸಬಾರದೆಂದು ತಾತ ಕಂಬ ತೊಳೆಯಲು ಬಿಡುತ್ತಿರಲಿಲ್ಲ. ಈಗ ಅದರ ಮೇಲೆ ಕೆನೆಬಣ್ಣದ ಪೇಂಟ್ ಇದೆ.

ನಿನ್ನೆ ಪೊಲೀಸರು ಬಂದು ಎಂಟೂ ಜನರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ಶಾಲೆಗೆ ತಂದು ಬಿಟ್ಟರು. ಬೆಳಕು ಹರಿಯುವಷ್ಟರಲ್ಲಿ ಗದ್ದೆಬದುವಿನ ಮೇಲೆ ನಡೆದು ವಾಪಸು ಹೋಗಿದ್ದರು. ತಾಲ್ಲೂಕು ಆಫೀಸಿನವರು ದೋಣಿ ಕಳಿಸುತ್ತೇವೆ, ಎಲ್ಲ ಕಡೆ ಕರೆ ಇದೆ, ಸಂಜೆಯಾಗಬಹುದು ಎನ್ನುತ್ತಾರೆ. ನಾನು ಮುಂಜಾನೆ ಹೋಗಿದ್ದೆ. ಅಮ್ಮ ರೇಷ್ಮೆ ಸೀರೆ ಉಟ್ಟಿದ್ದಾಳೆ. ಗಂಡಸರು ಹೆಂಗಸರೆನ್ನದೆ ಎಲ್ಲರೂ ಪಾದಕ್ಕೆ ಅರಿಸಿನ ಹಚ್ಚಿಕೊಂಡಿದ್ದಾರೆ, ತಾಯಿ ಮುಟ್ಟುವ ಪಾದ ಬರಿದಾಗಿರಬಾರದೆಂದು. ಹದಿನಾರು ಹಳದಿ ಪಾದಗಳು, ಕೆಳಗೆ ಮಣ್ಣುಬಣ್ಣದ ನೀರು. ಯಾರ ಮುಖದಲ್ಲೂ ಭಯವಿಲ್ಲ, ನನಗೆ ಹೆದರಿಕೆಯಾದದ್ದು ಅದನ್ನು ನೋಡಿ. ಕಂಬಕ್ಕೆ ತಗುಲಿಹಾಕಿದ ಸ್ಪೀಕರಿನಲ್ಲಿ ನಿನ್ನ ಪ್ರವಚನ ಮುಗಿದು ಮುಗಿದು ಮತ್ತೆ ಶುರುವಾಗುತ್ತದೆ. ಸಂಶಯದಿಂದ ಎದ್ದವನು ಉಳಿಯುವುದಿಲ್ಲ ಎಂದು ನಿನ್ನ ದನಿ ಹೇಳಿದಾಗಲೆಲ್ಲ ಎಂಟೂ ತಲೆಗಳು ಒಟ್ಟಿಗೆ ಆಡುತ್ತವೆ.

ತಾತ ಎದ್ದಿದ್ದರಲ್ಲಮ್ಮ, ನೀನೂ ಓಡಿದ್ದೆಯಲ್ಲ ಎಂದೆ. "ಮಾವನೋರಿಗೆ ನಂಬಿಕೆ ಸಾಲದಾಗಿತ್ತು" ಎಂದಳು. ನಾನು ಬೇರೆ ಅರ್ಥ ಹೇಳುತ್ತೇನೆ ಕೇಳು ಅಂದರೆ, "ನೀನು ಓದೋಳು ಮೈತ್ರೇಯಿ, ಅರ್ಥ ಹೇಳೋಳಲ್ಲ. ಶೀನ ಹೇಳಲಿ, ಎದ್ದು ಬರ್ತೀನಿ" ಎಂದು ಕೆನ್ನೆ ಸವರಿದಳು. ರಾಮಯ್ಯನ ಹತ್ತಿರ ಹೋದೆ. ನೀನಾದರೂ ಹೇಳು, ಎಷ್ಟು ಅರ್ಥ ಹೇಳಿದ್ದೀ ಎಂದೆ. ಅವನು ನೀರಿನಿಂದ ಕಣ್ಣು ತೆಗೆಯದೆ, "ಆವಾಗ ತಿಳೀದೆ ಅಂದಿದ್ದು ಬುಡಿ ಮೈತ್ರಮ್ಮ. ಅರ್ಥ ಒಂದೇಯ ಅಂತ ಐನೋರು ಮೈಕಲ್ಲೇ ಅಂದವ್ರೆ" ಎಂದ. ಪಕ್ಕದಲ್ಲಿ ಅವನ ಹೆಂಡತಿ ಚಾಮುಂಡಮ್ಮ, "ನೀವೂ ಕೂತ್ಕಳಿ, ಜಾಗ ಅದೆ" ಎಂದು ಸರಿದು ಜಾಗ ಮಾಡಿಕೊಟ್ಟಳು.

ಗ್ರಂಥವನ್ನು ಬಿಡಬೇಕೆಂದು ನಾನು ಎಂದೂ ಹೇಳಿದವಳಲ್ಲ. ಅದೇ ಸಾಲನ್ನು ತಾತ ಓದಿ ಸಾವಿಗೆ ಹೆದರದೆ ಬದುಕಿದರು, ರುದ್ರಮ್ಮ ಕೇಳಿ ಗಂಡಸರನ್ನು ತರಾಟೆಗೆ ತೆಗೆದುಕೊಂಡಳು, ಗುರುಮಲ್ಲಪ್ಪ ಕೇಳಿ ಕಲ್ಲು ಹಿಂದಿರುಗಿಸಿದ. ಇವರೆಲ್ಲರ ನಂಬಿಕೆ ನಿನ್ನದಕ್ಕಿಂತ ಕಡಿಮೆಯದಾಗಿತ್ತೇ ಶೀನ? ನಿನಗೆ ನಿಜವಾಗಿಯೂ ಅರ್ಥ ಒಂದೇ ಎನಿಸಿದ್ದರೆ, ಈ ಆಷಾಢದಲ್ಲಿ ಹೊಳೆ ಏರುವಾಗ ನೀನೇ ಆ ಮೆಟ್ಟಿಲ ಮೇಲೆ ಕೂತಿರಬೇಕಾಗಿತ್ತು. ಕಟುವಾಗಿ ಬರೆದೆ, ಅಳಿಸುವುದಿಲ್ಲ. ಇನ್ನೊಂದು ಅರ್ಥವುಂಟು ಎಂದು ನಿನ್ನ ಬಾಯಿಂದ ಬಂದರೆ ಸಾಕು. ಜಗನ್ ಫೋನಿನಲ್ಲಿ ವಿಡಿಯೋ ಮಾಡಿ ಈ ಶಾಲೆಯ ನಂಜುಂಡಸ್ವಾಮಿ ಮೇಷ್ಟರ ನಂಬರಿಗೆ ಮೊದಲು ಕಳಿಸು, ಆಮೇಲೆ ಅವನ ಗಾಡಿಯಲ್ಲೇ ಹೊರಟು ಬಾ. ಗುರುಗಳಿಗೆ ನನ್ನ ನಮಸ್ಕಾರ ತಿಳಿಸು. ವ್ರತ ಮುರಿದದ್ದಕ್ಕೆ ಅವರು ಕೇಳಿದರೆ ಅಕ್ಕ ಮುರಿಸಿದಳು ಎನ್ನು.

ನಿನಗೆ ಆಯುಸ್ಸು ಆರೋಗ್ಯ ಹೆಚ್ಚಲಿ, ಒಳ್ಳೆಯ ಬುದ್ಧಿ ಬೇಗ ಬರಲಿ.

ನಿನ್ನ ಅಕ್ಕ,
ಮೈತ್ರೇಯಿ

ತಾ.ಕ.: ಈಗ ಹತ್ತೂಕಾಲು ಗಂಟೆ. ಜಗನ್ ಹೊರೆಗೆ ಹಗ್ಗ ಬಿಗಿಯುತ್ತಿದ್ದಾನೆ. ಆರನೆಯ ಮೆಟ್ಟಿಲು ಕಾಣುತ್ತಿಲ್ಲವೆಂದು ಮೇಷ್ಟರು ಈಗ ನೋಡಿ ಬಂದರು. ಗದ್ದೆಬದು ಇನ್ನೂ ಮುಳುಗಿಲ್ಲ, ಆದ್ದರಿಂದ ನಾನು ಹೊರಟೆ. ನೀನು ಓದೋಳು ಎಂದಳಲ್ಲ ಅಮ್ಮ, ಓದುವುದಕ್ಕೇ ಹೋಗುತ್ತಿದ್ದೇನೆ. ಕಟ್ಟು ನನ್ನ ಹತ್ತಿರವೇ ಇದೆ, ಮಣೆ ಮಂಟಪದಲ್ಲಿದೆ. ಆ ಮೂರು ಸಾಲು ಓದಿ, ಎಂಟು ವರ್ಷದ ಹಿಂದೆ ಕೇಳದೆ ಬಿಟ್ಟದ್ದನ್ನು ಮೂರು ಸಲ ಕೇಳುತ್ತೇನೆ. ಉತ್ತರ ಬರುವವರೆಗೆ ಏಳುವುದಿಲ್ಲ. ಆ ನಿಯಮ ರಾಮಯ್ಯನಿಗೂ ಗೊತ್ತು. ನನ್ನ ಮುಖ ನೋಡಿ ಅವನಿಗೆ ಆವತ್ತಿನ ಎಮ್ಮೆ ನೆನಪಾದರೆ ಒಂಬತ್ತು ಜನ ಎದ್ದು ಬರುತ್ತೇವೆ. ಆಗದಿದ್ದರೆ ಉತ್ತರ ನೀನೇ ತರಬೇಕು. ಮಂಟಪಕ್ಕೆ ಇಳಿಯಬೇಡ, ದಿಣ್ಣೆಯ ಮೇಲಿಂದಲೇ ಹೇಳು. ಬರುವಾಗ ಮೈಕ್ ತಾ. ಹೊಳೆಯ ಸದ್ದು ಬಹಳ ಜೋರಾಗಿದೆ.