ಹನ್ನೆರಡರಿಂದ ಹತ್ತಕ್ಕೆ ಇಳಿದವಳು

ಕಾಟನ್‌ವುಡ್ ಬೆಂಡ್, ಓಕ್ಲಹೋಮ
ಜುಲೈ 14, ಭಾನುವಾರ ಬೆಳಿಗ್ಗೆ

ಅಪ್ಪನ ಮುದ್ದಿನ ಡೀನಾ,

ಜರ್ಮನಿಯ ಸೈನಿಕ ಆಸ್ಪತ್ರೆಯಲ್ಲಿ ದಿನವಿಡೀ ಬೇರೆಯವರಿಗೆ ಚುಚ್ಚಿ ದಣಿಯುವ ನಿನಗೆ ಈ ಕಾಗದವೂ ಸ್ವಲ್ಪ ಚುಚ್ಚಬಹುದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನ್ನ ದನಿ ಕೇಳಿದರೆ ಸುಳ್ಳು ಎಲ್ಲಿ ಶುರುವಾಗುತ್ತದೆಂದು ನಿನಗೆ ಮೂರನೇ ತರಗತಿಯಿಂದಲೂ ಗೊತ್ತು. ಕಾಗದದಲ್ಲಾದರೆ ನನಗೆ ಅರ್ಧ ಪುಟದಷ್ಟಾದರೂ ಮುನ್ನಡೆ ಸಿಗುತ್ತದೆ.

ಜನವರಿಯಲ್ಲಿ ಮಗುವನ್ನು ನಮ್ಮ ಕೈಗೊಪ್ಪಿಸಿ ಹೊರಡುವಾಗ ನೀನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹನ್ನೊಂದು ಅಂಶಗಳ ಪಟ್ಟಿ ಇನ್ನೂ ಅಲ್ಲೇ ಇದೆ. ಹಲ್ಲುಜ್ಜಿಸುವುದು, ವಾರಕ್ಕೆರಡು ಪುಸ್ತಕ ಓದಿಸುವುದು, ಕಾರಿನಲ್ಲಿ ನನ್ನ ಹಾಡು ನಾನು ಹಾಡದಿರುವುದು, ಎಲ್ಲವನ್ನೂ ಪಾಲಿಸಿದ್ದೇನೆ. ಹನ್ನೊಂದಕ್ಕೆ ಹತ್ತು. ನನ್ನ ಗಣಿತದ ತರಗತಿಯಲ್ಲಿ ಇಷ್ಟು ಅಂಕ ತೆಗೆದವರ ಬೆನ್ನು ತಟ್ಟುತ್ತಿದ್ದೆ. ತಪ್ಪಿದ್ದು ಏಳನೆಯದು: ‘ಕಿನ್ಲಿ ಈ ವರ್ಷವೂ ಹತ್ತರೊಳಗಿನವರ ಸಾಫ್ಟ್‌ಬಾಲ್ ತಂಡದಲ್ಲೇ ಆಡಲಿ. ಅಪ್ಪ, ದಯವಿಟ್ಟು.’ ದಯವಿಟ್ಟು ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದೆ. ನಾನು ಆ ಎರಡು ಗೆರೆಯನ್ನೂ ದಾಟಿದೆ.

ಆದದ್ದು ಹೀಗೆ. ಏಪ್ರಿಲಿನಲ್ಲಿ ಹನ್ನೆರಡರೊಳಗಿನವರ ತಂಡದಲ್ಲಿ ಚೆಂಡೆಸೆಯುವ ಹುಡುಗಿಯೊಬ್ಬಳು ಊರು ಬಿಟ್ಟಳು. ಅದರ ಕೋಚ್ ರೊಂಡಾ ಮನೆಗೆ ಬಂದಳು. ನಿನ್ನ ಜೊತೆ ಓದಿದವಳೇ, ನನ್ನ ತರಗತಿಯಲ್ಲಿ ಕೊನೆಯ ಬೆಂಚಿನವಳು. “ಮೇಷ್ಟ್ರೇ, ಕಿನ್ಲಿನ ಮೇಲಕ್ಕೆ ಕಳಿಸ್ತೀರಾ? ನಿಧಾನಕ್ಕೆ ಯೋಚ್ನೆ ಮಾಡಿ, ಅವಳಿಗಿನ್ನೂ ಹತ್ತು” ಅಂದಳು. ಅವಳು ‘ಯೋಚ್ನೆ’ಗೆ ಬರುವಷ್ಟರಲ್ಲಿ ನಾನು ‘ಹೂಂ’ ಅಂದಾಗಿತ್ತು. ಹತ್ತಕ್ಕಿಂತ ಹನ್ನೆರಡು ದೊಡ್ಡದು ಎಂದು ಮೂವತ್ತೆಂಟು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು, ಒಳ್ಳೆಯದೂ ಹೌದು ಎಂದು ನನಗೆ ನಾನೇ ಹೇಳಿಕೊಂಡೆ. ನಿಮ್ಮಮ್ಮ ಅಡುಗೆಮನೆಯಿಂದಲೇ, “ವರ್ಲಿನ್, ಫ್ರಿಜ್ ಬಾಗ್ಲು ಒಂದ್ಸಲ ಓದು” ಅಂದಳು. ನಾನು ಬಾಗಿಲು ತೆಗೆದು ಹಾಲು ಕುಡಿದೆ.

ಮಾರನೆಯ ದಿನದಿಂದಲೇ ಮನೆಯ ಮುಂದೆ ಅಭ್ಯಾಸ. ಜೀವಮಾನದಲ್ಲಿ ಯಾವ ಹೆಡ್‌ಮಾಸ್ಟರಿಗೂ ಬಕೆಟ್ ಹಿಡಿಯದ ನಾನು, ಮೊಮ್ಮಗಳಿಗಾಗಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಚೆಂಡು ಹಿಡಿಯುವವನು ಎಂಬುದು ನಿನಗೆ ಗೊತ್ತು. ಚಿಕ್ಕವರ ತಂಡದಲ್ಲಿ ಎಸೆಯುವ ದೂರ ಮೂವತ್ತೈದು ಅಡಿ, ದೊಡ್ಡವರದರಲ್ಲಿ ನಲವತ್ತು. ಬಕೆಟ್ಟನ್ನು ಐದು ಅಡಿ ಹಿಂದಕ್ಕೆ ಎಳೆದೆ. ಚೆಂಡಿನ ಸುತ್ತಳತೆಯೂ ಅಲ್ಲಿ ಒಂದು ಇಂಚು ಹೆಚ್ಚು. ಕಾಗದದ ಮೇಲೆ ಐದು ಅಡಿ ಏನು, ಒಂದು ಇಂಚು ಏನು. ಕಿನ್ಲಿಯದು ನಿನ್ನದೇ ಪುಟ್ಟ ಬೆರಳು. ದೊಡ್ಡ ಚೆಂಡು ಅವಳ ಅಂಗೈಯಲ್ಲಿ ಕೂರುತ್ತಿರಲಿಲ್ಲ, ನಿಂತುಕೊಂಡೇ ಇರುತ್ತಿತ್ತು. ಈ ಆಟಕ್ಕೆ ‘ಮೆತ್ತನೆಯ ಚೆಂಡು’ ಎಂದು ಹೆಸರಿಟ್ಟವನು ಯಾರೋ, ಅವನನ್ನು ಒಂದು ವಾರ ನನ್ನ ಬಕೆಟ್ಟಿನ ಮೇಲೆ ಕೂರಿಸಬೇಕು.

ಇಷ್ಟಾದರೂ ನನಗೆ ಹೆಮ್ಮೆಯೋ ಹೆಮ್ಮೆ. ದಿನಾ ಬೆಳಿಗ್ಗೆ ಡೋನಟ್ ಅಂಗಡಿಯಲ್ಲಿ ನಾವು ಮುದುಕರು ಸೇರುವ ಮೇಜು ಇದೆಯಲ್ಲ, ಅಲ್ಲಿ ಹವಾಮಾನದ ಮಾತೆತ್ತಿದರೂ ಎರಡೇ ನಿಮಿಷದಲ್ಲಿ ಅದನ್ನು ಹನ್ನೆರಡಕ್ಕೆ ತಂದು ನಿಲ್ಲಿಸುತ್ತಿದ್ದೆ. “ಹತ್ತು ವರ್ಷದವಳು, ಹನ್ನೆರಡರವರ ಜೊತೆ.” ಅಂಗಡಿಯ ಒಡತಿ ಸೊಖಾ ನನ್ನ ಕಾಫಿಗೆ ಮೊದಲೇ, “ನಿಮ್ಮ ಹನ್ನೆರಡು ಹೇಗಿದ್ದಾಳೆ ಮೇಷ್ಟ್ರೇ?” ಎಂದು ಕೇಳುವುದನ್ನು ರೂಢಿ ಮಾಡಿಕೊಂಡಳು. ನಾನು ಅದನ್ನು ಚೇಷ್ಟೆಯೆಂದು ತಿಳಿಯಲೇ ಇಲ್ಲ.

ಹನ್ನೆರಡು ಹೇಗಿದ್ದಳು ಎಂದರೆ, ಬೆಂಚಿನ ಮೇಲಿದ್ದಳು. ಎರಡು ಟೂರ್ನಿಗಳಲ್ಲಿ ಎಂಟು ಆಟ. ಎಂಟರಲ್ಲೂ ಅವಳು ಬೆಂಚು ಕಾದಳು. ಜೂನ್ ಬಿಸಿಲಿಗೆ ಬೆಂಚೂ ಕಾದಿತ್ತು. ಮನೆಗೆ ಬಂದರೆ ಬಿಳಿ ಚಡ್ಡಿಯಲ್ಲಿ ಒಂದು ಚಿಟಿಕೆ ಕೆಂಪು ಮಣ್ಣಿಲ್ಲ. “ನಮ್ಮನೆ ಬಟ್ಟೆ ಒಗೆಯೋ ಮಷೀನ್ನ ನಂಬೋದಾದ್ರೆ, ಈ ಹುಡುಗಿ ಆಟ ಆಡ್ತಾ ಇಲ್ಲ” ಎಂದಳು ನಿಮ್ಮಮ್ಮ.

ಇಲ್ಲಿ ನನ್ನದೊಂದು ಉಪಕಥೆ ಹೇಳಲೇಬೇಕು, ನಗಬೇಡ. ಮಾರ್ಚಿನಲ್ಲಿ ನನಗೆ ಎಪ್ಪತ್ತು ತುಂಬಿತು. ನಮ್ಮ ಗುರುವಾರದ ಆಟಕ್ಕೂ ವಯಸ್ಸಿನ ವಿಭಾಗಗಳಿವೆ: ಅರವತ್ತು ದಾಟಿದವರು, ಎಪ್ಪತ್ತು ದಾಟಿದವರು. ಎಪ್ಪತ್ತರ ತಂಡದವರು ಮೂರು ಸಲ ಕರೆದರು. ಸ್ವಂತ ಮೊಣಕಾಲು ಇರುವವರು ಅಲ್ಲಿ ಇಬ್ಬರೋ ಮೂವರೋ ಎಂದು ನಾನು ಅರವತ್ತರಲ್ಲೇ ಉಳಿದೆ. ಉಳಿದೆ ಎಂದರೆ, ಅಲ್ಲಿಯೂ ಕುಳಿತೆ. ನನಗಾಗಿ ಸ್ಕೋರು ಬರೆಯಲು ಬರುವ ಕಿನ್ಲಿ ಒಂದು ಗುರುವಾರ ಪುಸ್ತಕದಿಂದ ತಲೆ ಎತ್ತದೆ, “ತಾತ, ಐದು ಆಟದಲ್ಲಿ ಎರಡು ಸಲ ಬ್ಯಾಟ್ ಮಾಡಿದೀಯ. ಎರಡು ಸಲಾನೂ ನಿನ್ನ ಬದ್ಲು ಬೇರೆ ಯಾರೋ ಓಡಿದಾರೆ” ಅಂದಳು. ಬಿಸಿಲು ಜಾಸ್ತಿ ಅಂದೆ. “ಎಲ್ಲರಿಗೂ ಅದೇ ಬಿಸ್ಲು” ಅಂದಳು. ನಿನ್ನ ಮಗಳೇ, ಸಂಶಯವಿಲ್ಲ.

ಅದಾದ ಶನಿವಾರ ಟಲ್ಸಾದಲ್ಲಿ ಟೂರ್ನಿ. ನಾಲ್ಕನೇ ಇನ್ನಿಂಗ್ಸಿನಲ್ಲಿ ರೊಂಡಾ ಕಿನ್ಲಿಯ ಕೈಗೆ ಚೆಂಡು ಕೊಟ್ಟಳು. ನಾನು ಬೇಲಿಯ ಹೊರಗೆ ಬಕೆಟ್ಟಿನಿಂದ ಎದ್ದು ನಿಂತೆ. ಒಳಗೆ ಎಲ್ಲ ಎಸೆತವೂ ಬ್ಯಾಟ್ ಹಿಡಿದವಳ ಮುಂದಿನ ತಟ್ಟೆಗೆ ಒಂದು ಗೇಣು ಮೊದಲೇ ಸುಸ್ತಾಗಿ ಬೀಳುತ್ತಿತ್ತು. ಗುರಿ ತಪ್ಪಿ ತಪ್ಪಿ ಎಸೆದು ನಾಲ್ಕು ಜನರಿಗೆ ಪುಕ್ಕಟೆ ಬೇಸ್ ಕೊಟ್ಟಳು. ಒಬ್ಬಳ ಬೆನ್ನಿಗೆ ಹೊಡೆದಳು. ಆಮೇಲೆ ನಿಮ್ಮಮ್ಮನಷ್ಟೇ ಎತ್ತರದ ಹುಡುಗಿಯೊಬ್ಬಳು ಬೀಸಿದ್ದು ನೇರ ಬಂದು ಕಿನ್ಲಿಯ ಮೊಣಕಾಲ ಕೆಳಗೆ ಬಡಿಯಿತು. ಬಿದ್ದಳು, ಎದ್ದಳು, ಚೆಂಡನ್ನು ಹುಡುಕಿ ಮೊದಲ ಬೇಸಿಗೆ ಎಸೆದು ಆ ಎತ್ತರದವಳನ್ನು ಔಟ್ ಮಾಡಿಯೇ ಅತ್ತಳು. ಮೂಳೆಗೆ ಏನೂ ಆಗಿಲ್ಲ, ಡಾಕ್ಟರಿಗೆ ತೋರಿಸಿದ್ದೇವೆ, ನರ್ಸಮ್ಮ ಗಾಬರಿಯಾಗಬಾರದು.

ವಾಪಸು ಬರುವಾಗ ಕೈಗವಸನ್ನು ಹಿಂದಿನ ಸೀಟಿಗೆ ಎಸೆದಳು. ಯಾವಾಗಲೂ ಅದನ್ನು ಬೆಕ್ಕಿನಮರಿಯಂತೆ ತೊಡೆಯ ಮೇಲಿಟ್ಟುಕೊಳ್ಳುವವಳು. ಡೀನಾ, ಅದೇ ರಸ್ತೆಯಲ್ಲಿ, ಇನ್ನೊಂದು ಕಾರಿನಲ್ಲಿ, ಇನ್ನೊಬ್ಬ ಹುಡುಗಿ ಹೀಗೆಯೇ ಕೈಗವಸು ಎಸೆದದ್ದನ್ನು ನಾನು ನೋಡಿದ್ದೆ. ಅವಳಿಗೆ ಹನ್ನೊಂದಾಗಿದ್ದಾಗ ಅವಳ ಅಪ್ಪ ಹದಿನಾಲ್ಕರವರ ತಂಡಕ್ಕೆ ಏರಿಸಿದ್ದ. ಹದಿಮೂರಕ್ಕೆ ಅವಳು ಆಟವನ್ನೇ ಬಿಟ್ಟಳು. ಹಲ್ಲಿಗೆ ತಂತಿ ಹಾಕಿಸಿದ್ದಕ್ಕೆ ಬಿಟ್ಟಳು ಎಂದು ಊರಿಗೆಲ್ಲ ನಾನೇ ಹೇಳಿದ್ದು. ಆ ಕೈಗವಸು ಗ್ಯಾರೇಜಿನ ಮೊಳೆಗೆ ಇನ್ನೂ ನೇತಾಡುತ್ತಿದೆ. ಏಳನೆಯ ಅಂಶವನ್ನು ನೀನು ಯಾಕೆ ಬರೆದೆ ಎಂದು ನನಗೆ ಅರ್ಥವಾಗಿರಲಿಲ್ಲ ಎಂದರೆ ಅದು ಈ ಕಾಗದದ ದೊಡ್ಡ ಸುಳ್ಳಾಗುತ್ತದೆ. ಅದಕ್ಕೇ ಬರೆಯುವುದಿಲ್ಲ.

ಇಪ್ಪತ್ತು ಮೈಲಿ ಆದ ಮೇಲೆ ಕಿನ್ಲಿ, “ತಾತ, ನಾಳೆ ಡೋನಟ್ ಅಂಗಡೀಲಿ ಏನಂತ ಹೇಳ್ತೀಯ?” ಎಂದು ಕೇಳಿದಳು.

ತರಗತಿಯಲ್ಲಿ ಉತ್ತರ ಗೊತ್ತಿಲ್ಲದಾಗ ಮಕ್ಕಳು ಸೀಸದಕಡ್ಡಿ ಚೂಪು ಮಾಡುತ್ತಾರೆ. ಗಾಜು ಒರೆಸುವ ಕಡ್ಡಿಯನ್ನು ನಾನು ಮಳೆಯಿಲ್ಲದೆ ಆಡಿಸಿದೆ. ಅವಳೇ ಮುಂದುವರಿಸಿದಳು. “ನಂಗೆ ಆಡ್ಬೇಕು ತಾತ. ಮೇಲಿರೋದು ಬೇಡ, ಆಡ್ಬೇಕು. ನಾನು ಹತ್ತಕ್ಕೆ ಇಳೀತೀನಿ. ಆದ್ರೆ ನೀನು ಎಪ್ಪತ್ತಕ್ಕೆ ಹತ್ತು.” ನಾನು ರೇಡಿಯೋ ಜೋರು ಮಾಡಿದೆ.

ಮಂಗಳವಾರ ಅಭ್ಯಾಸಕ್ಕೆ ಹೋದಾಗ, ರೊಂಡಾಳ ಹತ್ತಿರ ನಾನೇ ನಯವಾಗಿ ಮಾತಾಡೋಣವೆಂದು ಮನಸ್ಸಿನಲ್ಲೇ ಭಾಷಣ ತಯಾರು ಮಾಡಿಕೊಂಡಿದ್ದೆ: ಕಾಲು ನೋವು, ಡಾಕ್ಟರರ ಸಲಹೆ ಇತ್ಯಾದಿ. ಕಾರಿನಿಂದ ಇಳಿಯುತ್ತಲೇ ಕಿನ್ಲಿ, “ನೀನು ಬಕೆಟ್ ಮೇಲೆ ಕೂತ್ಕೊ” ಎಂದು ನನಗೆ ಆಜ್ಞೆ ಮಾಡಿ ಒಬ್ಬಳೇ ಹೋದಳು. ಇಡೀ ತಂಡ ನೋಡುತ್ತಿತ್ತು. ಅವಳು ಮಾತಾಡಿದಳು, ಅಂಗೈ ಬಿಡಿಸಿ ತೋರಿಸಿದಳು, ಇನ್ನೂ ಏನೋ ಹೇಳಿದಳು, ಕೈಕುಲುಕಿ ಬಂದಳು. ಹಿಂದೆಯೇ ಬಂದ ರೊಂಡಾ ಬೇಲಿಗೆ ಒರಗಿ ನಿಂತಳು. “ಮೇಷ್ಟ್ರೇ, ಹನ್ನೊಂದು ವರ್ಷದಿಂದ ಕೋಚ್ ಆಗಿದೀನಿ. ಮಗೂನ ಮೇಲಕ್ಕೆ ಹಾಕಿ ಅಂತ ಕೇಳಿದ ಅಪ್ಪ ಅಮ್ಮಂದಿರು ಎಷ್ಟೋ. ನನ್ನ ಕೆಳಕ್ಕೆ ಹಾಕಿ ಅಂತ ಒಂದು ಮಗು ಬಂದು ಕೇಳಿದ್ದು ಇವತ್ತೇ.” ಏನಂದಳು ಎಂದು ಕೇಳಿದೆ. “‘ನನ್ನ ಜಾಗ ಇಟ್ಟಿರಿ, ಕೈ ಬೆಳೆಸ್ಕೊಂಡು ಬರ್ತೀನಿ’ ಅಂದ್ಲು. ನಿಮ್ಮ ಕ್ಲಾಸಲ್ಲಿ ನಂಗೆ ಅರ್ಥ ಆಗಲ್ಲ ಅಂತ ಎದ್ದು ಹೇಳೋ ಧೈರ್ಯ ಇದ್ದಿದ್ರೆ ನಾನೂ ಪಾಸಾಗ್ತಿದ್ದೆ.”

ಮಗಳೇ, ನಾನು ಕಲಿಸಿದ ಹುಡುಗರಲ್ಲಿ ಇಬ್ಬರು ಎಂಜಿನಿಯರಾಗಿದ್ದಾರೆ, ಒಬ್ಬ ಊರಿನ ಮೇಯರ್ ಆಗಿದ್ದ. ಆ ಮಂಗಳವಾರ ಬೋರಲು ಬಕೆಟ್ಟಿನ ಮೇಲೆ ಕೂತಾಗ ಆದಷ್ಟು ಹೆಮ್ಮೆ ಯಾವಾಗಲೂ ಆಗಿರಲಿಲ್ಲ. ಅದೇ ವಯಸ್ಸಿನಲ್ಲಿ ನೀನು ಯಾಕೆ ಹೀಗೆ ಹೇಳಲಿಲ್ಲ ಎಂದು ಯೋಚಿಸಿದೆ. ನಿನಗೆ ಬಾಯಿ ಇರಲಿಲ್ಲವೆಂದಲ್ಲ, ನನಗೆ ಕಿವಿ ಇರಲಿಲ್ಲ.

ನಿನ್ನೆ ಅವಳು ಹತ್ತರೊಳಗಿನವರ ಪರವಾಗಿ ಮೊದಲ ಪಂದ್ಯ ಆಡಿದಳು. ಮೂವತ್ತೈದು ಅಡಿ, ಅಂಗೈಯಲ್ಲಿ ಸರಿಯಾಗಿ ಕೂತ ಚೆಂಡು. ಒಂಬತ್ತು ಜನರನ್ನು ಬ್ಯಾಟಿಗೆ ಚೆಂಡು ತಾಕದಂತೆ ವಾಪಸು ಕಳಿಸಿದಳು. ಆದರೆ ನಾನು ಬರೆಯಬೇಕೆಂದದ್ದು ಅದಲ್ಲ. ಕೊನೆಯ ಇನ್ನಿಂಗ್ಸ್, ನಾವು ಒಂದೇ ರನ್ ಮುಂದೆ, ಅವರಲ್ಲಿ ಇಬ್ಬರು ಔಟ್, ಇನ್ನೊಬ್ಬಳು ಔಟಾದರೆ ಆಟ ಮುಗಿಯಿತು. ಎರಡನೇ ಬೇಸಿನ ಬಳಿ ಮೇಬೆಲ್ ಎಂಬ ಎಂಟು ವರ್ಷದವಳು, ಟೋಪಿಯ ಕೆಳಗೆ ಮುಖವೇ ಕಾಣದಷ್ಟು ಚಿಕ್ಕವಳು, ಕೈಗೇ ಬಂದ ಚೆಂಡನ್ನು ಬಿಟ್ಟಳು. ಎದುರಾಳಿ ಹುಡುಗಿ ಮೂರನೇ ಬೇಸಿಗೆ ಬಂದು ನಿಂತಳು, ಇನ್ನೊಂದು ಓಟ ಓಡಿದರೆ ಆಟ ಸಮ. ಮೇಬೆಲ್ ಟೋಪಿಯನ್ನು ಇನ್ನೂ ಕೆಳಕ್ಕೆ ಎಳೆದುಕೊಂಡಳು. ಕಿನ್ಲಿ ಆಟ ನಿಲ್ಲಿಸಿ, ನಡೆದುಹೋಗಿ, ಬಗ್ಗಿ ಅವಳ ಟೋಪಿಯೊಳಗೆ ಏನೋ ಹೇಳಿದಳು. ಮೇಬೆಲ್ ನಕ್ಕಳು. ಮುಂದಿನ ಹೊಡೆತ ಮೇಲಕ್ಕೆ ಹಾರಿ ಮತ್ತೆ ಅವಳ ಕಡೆಗೇ ಬಂತು. ಎರಡು ಕೈ, ಎದೆ, ಗಲ್ಲ ಎಲ್ಲವನ್ನೂ ಬಳಸಿ, ಕಣ್ಣು ಮುಚ್ಚಿಕೊಂಡೇ ಹಿಡಿದಳು. ಗೆದ್ದೆವು.

ಏನು ಹೇಳಿದೆ ಎಂದು ಆಮೇಲೆ ಕೇಳಿದೆ. “ನಾನು ಟಲ್ಸಾದಲ್ಲಿ ನಾಲ್ಕು ಜನಕ್ಕೆ ಪುಕ್ಕಟೆ ಬೇಸ್ ಕೊಟ್ಟೆ, ಒಬ್ಬಳ ಬೆನ್ನಿಗೂ ಕೊಟ್ಟೆ. ನೀನು ಬಿಟ್ಟಿರೋದು ಒಂದೇ. ನನ್ನ ದಾಖಲೆ ಮುರಿಯೋಕೆ ಇನ್ನೂ ತುಂಬಾ ಕಷ್ಟಪಡ್ಬೇಕು ಅಂದೆ” ಎಂದಳು. ಮೇಲಿನ ತಂಡದಿಂದ ಅವಳು ಹೊತ್ತು ತಂದದ್ದು ಅಷ್ಟೇ, ಅದನ್ನೂ ಹಂಚಿಬಿಟ್ಟಳು. ಚಡ್ಡಿಯ ಕೆಂಪು ಮಣ್ಣು ನೋಡಿ ನಿಮ್ಮಮ್ಮ ಬೈಯುತ್ತಾ ಬೈಯುತ್ತಾ ಹಾಡುತ್ತಿದ್ದಾಳೆ.

ಏಳನೆಯ ಅಂಶಕ್ಕೆ ಕ್ಷಮೆ ಇರಲಿ, ಹೊಸದಕ್ಕೂ ಹಳೆಯದಕ್ಕೂ. ನವೆಂಬರಿನಲ್ಲಿ ನೀನು ಬರುವಷ್ಟರಲ್ಲಿ ಗ್ಯಾರೇಜಿನ ಆ ಕೈಗವಸಿಗೆ ಎಣ್ಣೆ ಹಚ್ಚಿಟ್ಟಿರುತ್ತೇನೆ. ಬೇಕಾದರೆ ಮಗಳ ಜೊತೆ ನಾಲ್ಕು ಚೆಂಡು ಹಿಡಿ. ಬೇಡವಾದರೆ ಬಕೆಟ್ಟು ನನ್ನದೇ. ನನ್ನ ಆಟದ ವಿಷಯ ಕೇಳಬೇಡ, ಅದರಲ್ಲಿ ಬರೆಯುವಂಥದ್ದೇನೂ ಇಲ್ಲ.

ಬೋರಲು ಬಕೆಟ್ಟಿನಿಂದ, ನೇರ ಮನಸ್ಸಿನಿಂದ,
ನಿನ್ನ ಅಪ್ಪ
ವರ್ಲಿನ್

ತಾ.ಕ.: ಬರೆಯುವಂಥದ್ದು ಇದೆಯಂತೆ. ಅದನ್ನು ಬರೆಯದಿದ್ದರೆ ಅಂಚೆಚೀಟಿ ಕೊಡುವುದಿಲ್ಲ ಎಂದು ನಿಮ್ಮಮ್ಮ ಡ್ರಾಯರಿಗೆ ಅಡ್ಡ ನಿಂತಿದ್ದಾಳೆ. ಮೊನ್ನೆ ಗುರುವಾರ ಎಪ್ಪತ್ತು ದಾಟಿದವರ ತಂಡದಲ್ಲಿ ಆಡಿದೆ. ಅಲ್ಲಿ ನಾನೇ ಕಿರಿಯ. ಎಂಬತ್ತೆರಡರ ಆರ್ವಿಲ್ ನನ್ನನ್ನು ‘ಮರಿ’ ಎಂದು ಕರೆದು ನೀರಿನ ಡಬ್ಬ ಹೊರಿಸಿದ. ನಾಲ್ಕು ಸಲ ಬ್ಯಾಟ್ ಮಾಡಿದೆ, ನಾಲ್ಕು ಸಲವೂ ನನ್ನ ಕಾಲಲ್ಲೇ ಓಡಿದೆ. ಶುಕ್ರವಾರ ಬೆಳಿಗ್ಗೆ ಕಿನ್ಲಿಯನ್ನೂ ಡೋನಟ್ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಸೊಖಾ ಎಂದಿನಂತೆ, “ನಿಮ್ಮ ಹನ್ನೆರಡು ಹೇಗಿದ್ದಾಳೆ?” ಎಂದಳು. ನಾನು ಬಾಯಿ ತೆರೆಯುವ ಮೊದಲೇ ಕಿನ್ಲಿ ಕುರ್ಚಿಯ ಮೇಲೆ ಹತ್ತಿ ನಿಂತು, ಅಂಗಡಿಗೆಲ್ಲ ಕೇಳುವಂತೆ, “ನಂಗೆ ಹತ್ತು. ಇವನು ನಮ್ಮ ತಾತ. ಇವನಿಗೆ ಎಪ್ಪತ್ತು, ಎಪ್ಪತ್ತರಲ್ಲೇ ಆಡ್ತಾನೆ” ಎಂದಳು. ಅಷ್ಟು ಹೆಮ್ಮೆಯಿಂದ ನನ್ನ ವಯಸ್ಸನ್ನು ಈವರೆಗೆ ಯಾರೂ ಹೇಳಿರಲಿಲ್ಲ, ನಾನೂ ಸೇರಿ.