ತಾಂಬಾದಲ್ಲಿ ನಿಲ್ಲದ ಕಾರು

ಯಜಮಾನರಿಗೆ, ಇಂಡಿಯಿಂದ ಮಹಾನಂದಾಳ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ಜಗಳವಾಗುತ್ತದೆಂದು ಸಿಂದಗಿಗೆ ನಿಮಗೆ ಕಳಿಸುವ ಬುತ್ತಿಯ ಚೀಲದಲ್ಲಿ ಈ ಚೀಟಿ ಇಟ್ಟಿದ್ದೇನೆ. ಹೊಸ ಕಾರು ನೀವು ಹೇಳಿದ ಟರ್ಬೊ ಬೇಡ, ಸಾದಾ ಇಂಜಿನ್ನಿನದೇ ಇರಲಿ. "ಇದರಾಗ ಕೆಡಾಕ ಏನೂ ಇಲ್ರಿ ಅಕ್ಕಾರ, ದಾರಿಯಾಗ ನಿಲ್ಲೂದ ಇಲ್ಲ" ಎಂದು ಶೋರೂಮಿನವನು ಹೇಳಿದ. ಹಳೆಯದು ನೀವು ಸಿಂದಗಿಯಿಂದ ಒಬ್ಬರೇ ಬರುವಾಗಲೆಲ್ಲ ತಾಂಬಾದ ಜಯಮಾಲಾ ಟೀಚರ್ ಮನೆ ಮುಂದೆಯೇ ಕೆಡುತ್ತಿತ್ತು. ನಾನು ಕುಳಿತಾಗ ಒಮ್ಮೆಯೂ ಕೆಡಲಿಲ್ಲ. ಮೆಕ್ಯಾನಿಕ್ ಬರುವವರೆಗೆ ಅವರು ಕೊಡುವ ಏಲಕ್ಕಿ ಚಹಾವನ್ನು ನೀವೇ ಹೊಗಳಿದ್ದಿರಿ. ಇಂದು ಥರ್ಮಾಸಿಗೆ ನಾನೂ ಏಲಕ್ಕಿ ಹಾಕಿದ್ದೇನೆ.

ಹೊಸ ಕಾರಿನ ಹಿಂದಿನ ಗಾಜಿನ ಮೇಲೆ ನನ್ನ ಹೆಸರು ದೊಡ್ಡದಾಗಿ ಬರೆಸಿರಿ. ಟೀಚರಿಗೆ ಬಾಗಿಲಲ್ಲಿ ನಿಂತೇ ಓದಲು ಬರಬೇಕು. ಆಮೇಲೂ ಕಾರು ಅಲ್ಲೇ ನಿಂತರೆ, ತಪ್ಪನ್ನು ಇಂಜಿನ್ನಿನ ಮೇಲೆ ಹಾಕಬೇಡಿರಿ.

ಊಟ ಆರುವ ಮೊದಲು ಮಾಡಿರಿ.

ನಿಮ್ಮ
ಮಹಾನಂದಾ