ಮಾವನ ಏಳು ಒಂದುಗಳು

ಜೂನ್ 12, ಬೆಳಿಗ್ಗೆ 9.10, ಸ್ಟಾಫ್‌ರೂಮ್

ಮತ್ತೆ ಅದೇ ರಾಮಾಯಣ. ಖಾನಾಪುರದ ಬಸ್ಸು ಪೀರನವಾಡಿ ಸ್ಟಾಪಿನಲ್ಲಿ ನನಗಾಗಿ ಕಾಯುತ್ತದೆಯೇ? ಡಬ್ಬಿ ಕಟ್ಟುವ ಹೊತ್ತಿಗೇ ಮಾವ ನೋಟ್‌ಬುಕ್ ಹಿಡಿದು ಅಡುಗೆಮನೆ ಬಾಗಿಲಿಗೆ ಅಡ್ಡ. ಐವತ್ತೊಂದು ದಿನವಾಯಿತು — ದಿನಕ್ಕೊಂದು ಅವಿಭಾಜ್ಯ ಸಂಖ್ಯೆಯಿಂದ 1111111 ಅನ್ನು ಭಾಗಿಸುವುದು. ಕೈಯಿಂದಲೇ. ಮೊಬೈಲ್ ಮುಟ್ಟುವುದಿಲ್ಲ, ಮೂವತ್ತು ವರ್ಷ ಸಾಲಿ ಕಲಿಸಿದವರ ಹಟ. ವರ್ಗಮೂಲ, ಅಂದರೆ 1054ರ ತನಕ ಯಾವುದರಿಂದಲೂ ಭಾಗ ಹೋಗದಿದ್ದರೆ ಇದೂ ಅವಿಭಾಜ್ಯ. ಅಲ್ಲಿಗೆ ಮುಟ್ಟುವಷ್ಟರಲ್ಲಿ ನನ್ನ ತಲೆ ಮೊಸರುಗಡಿಗೆ.

“ನೀ ಗಣಿತದಾಗ ಎಂ.ಎಸ್ಸಿ. ಮಾಡೀಯಲ್ಲ, ಹೇಳವಾ. ಅವಿಭಾಜ್ಯ ಹೌದೋ ಅಲ್ಲೋ?”

ಹೌದ್ರಿ ಮಾವಾರ, ಹೌದು ಅಂದುಬಿಟ್ಟೆ. ನೋಡಿ ಹೇಳಿದ್ದಲ್ಲ. ದಾರಿ ಬಿಟ್ಟರೆ ಸಾಕಾಗಿತ್ತು.

ಜೂನ್ 20

ಎಂಟು ದಿನದಿಂದ ನೋಟ್‌ಬುಕ್ ಹೊರಗೆ ಬಂದಿಲ್ಲ. ಊಟದ ಟೇಬಲ್ಲು ವಾಪಸ್ ಸಿಕ್ಕಿತು. ಮಾವ ಪೇಪರ್ ಓದುತ್ತಾರೆ, ಬಂದವರಿಗೆಲ್ಲ ತಮ್ಮ ಸಂಖ್ಯೆಯ ಸುದ್ದಿ ಹೇಳುತ್ತಾರೆ. ಹೇಳಲಿ.

ಜುಲೈ 9

ಕಾಲೇಜಿನ ಕಾಂಪೌಂಡಿಗೆ ಗಣಿತದ್ದೇನಾದರೂ ಬರೆಸಬೇಕಂತೆ, ಪ್ರಿನ್ಸಿಪಾಲರ ಹುಕುಂ. ಪೇಂಟರ್ ಬ್ರಶ್ ಹಿಡಿದು ನಿಂತಿದ್ದಾನೆ, ನನಗೆ ಏನೂ ಹೊಳೆಯಲೊಲ್ಲದು. ಕೊನೆಗೆ ಮಾವನ ಹೆಸರಿನಲ್ಲಿ — ‘1111111, ಅವಿಭಾಜ್ಯ ಸಂಖ್ಯೆ. ಗುರುಪಾದಪ್ಪ ಮಾಸ್ತರ, ಪೀರನವಾಡಿ.’

ಸಂಜೆ ಫೋಟೊ ತೋರಿಸಿದೆ. ಮಾವ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಶನಿವಾರ ಗೋಡೆ ನೋಡಲು ಬರುತ್ತಾರಂತೆ. ಅಂಗಿ ಇವತ್ತೇ ಇಸ್ತ್ರಿಗೆ ಹೋಯಿತು.

ಜುಲೈ 11, ಮಧ್ಯಾಹ್ನ

ನಂದಗಡದಿಂದ ಬರುವ ಸಪ್ನಾ, ಫಸ್ಟ್ ಪಿಯುಸಿ, ಹಾಳೆ ಹಿಡಿದು ಬಂದಳು. ಗೋಡೆಯ ಸಂಖ್ಯೆ 239ರಿಂದ ಹೋಗತೈತ್ರಿ ಮ್ಯಾಡಂ ಎಂದಳು. 239 × 4649. ಎರಡು ಸಲ ಗುಣಿಸಿದೆ. ಹಾಳಾದ್ದು, ಸರಿಯಾಗಿಯೇ ಇದೆ.

ನಾಳೆಯೇ ಶನಿವಾರ. ನನ್ನ ಬಾಯಿಗೆ ಬೆಂಕಿ ಹಾಕ… ಮೊಬೈಲಿನಲ್ಲಿ ಎರಡು ಸೆಕೆಂಡಿನ ಕೆಲಸವಿತ್ತು.

ರಾತ್ರಿ ಊಟಕ್ಕೆ ಮುಂಚೆ

ಹೇಳಿದೆ. ಬೈಯಲಿ ಎಂದು ಕಾಯುತ್ತ ನಿಂತೆ. ಮಾವ ನೋಟ್‌ಬುಕ್ ತಂದು ಮುಂದಿಟ್ಟರು. ಬರೆದ ಕೊನೆಯ ಪುಟ: 233, ಶೇಷ 167. ತಾರೀಕು ಜೂನ್ 12. ಮುಂದೆಲ್ಲ ಖಾಲಿ.

233 ಆದಮೇಲಿನ ಅವಿಭಾಜ್ಯ 239. ಮರುದಿನದ್ದೇ.

“ನೀ ಹೌದ್ ಅಂದಿ. ಅಲ್ಲಿಗೇ ಬಿಟ್ಟೆ.”

ಜುಲೈ 12

ಅಂಗಿ ಹ್ಯಾಂಗರಿನಲ್ಲೇ ಇದೆ. ತಮ್ಮ ಹೆಸರು ಅಳಿಸಿ, ಆ ಹುಡುಗಿಯ ಹೆಸರಿನಲ್ಲಿ ಗುಣಾಕಾರ ಬರೆಸು ಎಂದರು. ಪೇಂಟರನಿಗೆ ಫೋನ್ ಮಾಡುವಾಗ ಅಳು ಬಂತು, ನನ್ನ ಮೇಲೆಯೇ ಸಿಟ್ಟು.

ಜುಲೈ 14, ಬೆಳಿಗ್ಗೆ 7.20

ಟೇಬಲ್ಲಿನ ಮೇಲೆ ಹೊಸ ನೋಟ್‌ಬುಕ್. ಈ ಸಲ ಹನ್ನೊಂದು ಒಂದುಗಳು. ಹೌದೋ ಅಲ್ಲೋ ನೋಡಿ ಹೇಳಲೇನ್ರಿ ಎಂದು ಫೋನ್ ತೆಗೆದೆ.

“ಬ್ಯಾಡವಾ. ನಿನಗ ಬಸ್ ತಪ್ಪತೈತಿ.”

ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅದನ್ನೇ ತಡೆಯಲಾಗಲಿಲ್ಲ.

ಹೋಗಲಿ ಬಸ್ಸು. ಎದುರು ಕುರ್ಚಿ ಎಳೆದು ಕೂತಿದ್ದೇನೆ, ಈ ಡೈರಿಯಲ್ಲೇ ಭಾಗಾಕಾರ. ಮೂರರಿಂದ ಹೋಗಲಿಲ್ಲ. ಐದು ಬೇಡ. ಏಳರಿಂದ —